ನಾವಿದ್ದೀವಲ್ಲ ಅಂದ ತಪ್ಪಿಗೆ

ಕಾಗದದ ಮೊದಲ ಸಾಲೇ ‘ನಿಮಗೊಂದು ಸಿಹಿಸುದ್ದಿ’ ಅಂತ ಇತ್ತು. ಈಗ ಸರ್ಕಾರದ ಕಾಗದದಲ್ಲಿ ಆ ಮಾತು ಕಂಡರೆ ಮೊದಲು ಸಣ್ಣಕ್ಷರ ಎಲ್ಲಿದೆ ಅಂತ ಹುಡುಕುತ್ತೇನೆ. ಆಗ ಅಷ್ಟು ಬುದ್ಧಿ ಬಂದಿರಲಿಲ್ಲ. ನನ್ನ ಮಗಳಿಗೆ ಬೆಳಿಗ್ಗೆ, ಸಂಜೆ ಸಹಾಯಕ್ಕೆ ಒಬ್ಬರನ್ನು ಕಳಿಸುತ್ತಿದ್ದ ಹಳೆಯ ಯೋಜನೆ ಮುಚ್ಚುತ್ತದಂತೆ, ಎಲ್ಲರನ್ನೂ ಹೊಸ ವ್ಯವಸ್ಥೆಗೆ ಸೇರಿಸುತ್ತಾರಂತೆ, ಅದು ಇನ್ನೂ ಸರಳವಂತೆ. ‘ನೀವು ಏನೂ ಮಾಡಬೇಕಾಗಿಲ್ಲ’ ಅಂತ ದಪ್ಪಕ್ಷರದಲ್ಲಿ ಬರೆದಿದ್ದರು. ಅದರ ಕೆಳಗೆ ಸಣ್ಣಕ್ಷರದಲ್ಲಿ, ನಮ್ಮವರೊಬ್ಬರು ಮನೆಗೆ ಬಂದು ನಿಮ್ಮ ಅಗತ್ಯಗಳನ್ನು ಹೊಸದಾಗಿ ಅಳೆಯುತ್ತಾರೆ ಅಂತ. ಇಪ್ಪತ್ತಾರು ವರ್ಷದಿಂದ ಒಂದು ಹೆಜ್ಜೆ ಇಟ್ಟಿಲ್ಲದವಳ ಅಗತ್ಯವನ್ನು ಹೊಸದಾಗಿ ಏನು ಅಳೀತಾರೋ, ಅವರ ತಲೆ! ಹಾಗಂತ ಬೈದುಕೊಂಡು ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದೆ.

ಮಗಳ ವಿಷಯ ಹೇಳಿಬಿಡುತ್ತೇನೆ. ಹುಟ್ಟುವಾಗ ಉಸಿರು ಸಿಕ್ಕದೆ ಮೆದುಳಿಗೆ ಪೆಟ್ಟಾಯಿತು. ಕೈಕಾಲು ಅವಳ ಮಾತು ಕೇಳುವುದಿಲ್ಲ. ಮಾತೂ ನಿಧಾನ, ಒಂದು ವಾಕ್ಯ ಹೊರಗೆ ಬರಬೇಕಾದರೆ ಎದುರಿಗಿದ್ದವರು ಬಾಯಿ ಮುಚ್ಚಿಕೊಂಡು ಕಾಯಬೇಕು. ಬುದ್ಧಿ ಮಾತ್ರ ಬಲು ಚುರುಕು. ಡೆಟ್ರಾಯ್ಟ್ ಹತ್ತಿರದ ಆಬರ್ನ್ ಹಿಲ್ಸ್‌ನಲ್ಲಿ ಕಾರು ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಹೊಸ ಕಾರಿನ ಸ್ಕ್ರೀನು, ಗುಂಡಿ, ಬಾಗಿಲು ಇವೆಲ್ಲ ಅವಳಂಥ ಕೈಗಳಿಗೆ ಎಟುಕುತ್ತದೋ ಇಲ್ಲವೋ ಪರೀಕ್ಷೆ ಮಾಡಿ ರಿಪೋರ್ಟು ಬರೆಯುತ್ತಾಳೆ. ಹತ್ತಕ್ಕೆ ಆಫೀಸಿನಲ್ಲಿರಬೇಕಾದರೆ ಬೆಳಿಗ್ಗೆ ಆರಕ್ಕೆ ಅವಳ ದಿನ ಶುರುವಾಗಬೇಕು. ಮಗ್ಗುಲು ತಿರುಗಿಸಬೇಕು, ಎತ್ತಬೇಕು, ಬಾತ್‌ರೂಮಿಗೆ ಕರೆದೊಯ್ಯಬೇಕು, ಸ್ನಾನ ಮಾಡಿಸಬೇಕು, ಬಟ್ಟೆ ಹಾಕಿ ಗಾಲಿಕುರ್ಚಿಗೆ ಕೂರಿಸಿ ತಿಂಡಿ ತಿನ್ನಿಸಬೇಕು. ಇದಕ್ಕೆ ಮೂರು ಗಂಟೆ ಹಿಡಿಯುತ್ತದೆ. ಅದಕ್ಕಾಗಿ ಡೆಟ್ರಾಯ್ಟ್‌ನಿಂದ ಮೂವತ್ತು ಮೈಲಿ ಡ್ರೈವ್ ಮಾಡಿಕೊಂಡು ಒಬ್ಬ ಹೆಂಗಸು ಬರುತ್ತಿದ್ದಳು, ನಾಲ್ಕು ವರ್ಷದಿಂದ. ಅವಳ ಮೊಮ್ಮಕ್ಕಳ ವಿಷಯವೆಲ್ಲ ನಮಗೆ ಗೊತ್ತು, ನಮ್ಮ ಜಗಳವೆಲ್ಲ ಅವಳಿಗೆ ಗೊತ್ತು. ಅದಕ್ಕೆ ಮುಂಚೆ ಎತ್ತುತ್ತಿದ್ದವಳು ನಾನು. ಎತ್ತಿ ಎತ್ತಿ ಬಲಭುಜ ಹೋಯಿತು, ಆಪರೇಷನ್ ಆಯಿತು. ನಮ್ಮ ಯಜಮಾನರ ಎದೆಯಲ್ಲಿ ಎರಡು ಸ್ಟೆಂಟು.

ಇಷ್ಟರ ಮಧ್ಯೆ ಅಪಾರ್ಟ್‌ಮೆಂಟಿನ ಮಾತು. ಆಬರ್ನ್ ಹಿಲ್ಸ್‌ನಲ್ಲಿ, ಅವಳ ಆಫೀಸಿನಿಂದ ಎರಡು ಮೈಲಿ ದೂರದಲ್ಲಿ, ನೆಲಮಹಡಿಯಲ್ಲಿ, ಕುರ್ಚಿ ತೂರುವಷ್ಟು ಅಗಲದ ಬಾಗಿಲು, ಕೆಳಗಿಳಿಸಿದ ಸಿಂಕು. ಮೂರು ವರ್ಷ ಪಟ್ಟಿಯಲ್ಲಿದ್ದು ಆ ವಸಂತದಲ್ಲಿ ಅವಳ ಸರದಿ ಬಂತು. ನಾನು ರಂಪ ಮಾಡಿದೆ. ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಇಷ್ಟು ದೊಡ್ಡ ಮನೆ ಇಟ್ಟುಕೊಂಡು, ಇವಳಿಗಾಗಿ ರ‍್ಯಾಂಪು ಕಟ್ಟಿಸಿಕೊಂಡು, ಯಾರದೋ ಬಿಲ್ಡಿಂಗಿನಲ್ಲಿ ಒಬ್ಬಳೇ ಇರ್ತೀನಿ ಅಂತೀಯಲ್ಲ, ನಿನಗೇನು ಕೊರತೆ ಮಾಡಿದೀವಿ ನಾವು ಅಂದೆ. ಅವಳು ಇಂಗ್ಲಿಷಿನಲ್ಲಿ, ಒಂದೊಂದೇ ಪದ ಕಿತ್ತು ಕಿತ್ತು, ನೀವಿಬ್ಬರೂ ಸತ್ತ ಮೇಲೆ ಒಬ್ಬಳೇ ಇರೋದು ಕಲೀಲಾ, ಅಥವಾ ಈಗಲೇ ಕಲೀಲಾ ಅಂದಳು. ಒಂದು ವಾರ ಅವಳ ಜೊತೆ ಮಾತು ಬಿಟ್ಟೆ. ಎಂಟನೇ ದಿನ ನಾನೇ ಅವಳ ರೂಮಿಗೆ ಹೋದೆ. ಸರಿ, ಹೋಗು ತಾಯಿ ಅಂದೆ. ಆಗಸ್ಟ್‌ನಲ್ಲಿ ಬೀಗದ ಕೈ ಕೊಡುತ್ತೇವೆ ಅಂದರು. ಒಂದೇ ಷರತ್ತು: ಬೆಳಗಿನ ಆ ಮೂರು ಗಂಟೆ, ಸಂಜೆಯ ಎರಡು ಗಂಟೆ ಸಹಾಯ ಖಾತ್ರಿ ಇದೆ ಅಂತ ಪತ್ರ ತೋರಿಸಬೇಕು. ಆ ಗಂಟೆಗಳಿದ್ದರೆ ಮನೆ, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ.

ಸರಿಯಾಗಿ ಅದೇ ಹೊತ್ತಿಗೆ ವಕ್ಕರಿಸಿತು ಈ ಹೊಸ ವ್ಯವಸ್ಥೆ. ಹಳೆಯದರಲ್ಲಿ ನಮ್ಮ ಫೈಲು ನೋಡಿಕೊಳ್ಳುತ್ತಿದ್ದಾಕೆ ಒಂಬತ್ತು ವರ್ಷದ ಪರಿಚಯ. ಫೋನ್ ಮಾಡಿದರೆ ನನ್ನ ಭುಜ ಹೇಗಿದೆ ಅಂತ ಮೊದಲು ಕೇಳುತ್ತಿದ್ದಳು. ಹೊಸದರಲ್ಲಿ ಫೋನ್ ಮಾಡಿದರೆ ಇಂಗ್ಲಿಷಿಗೆ ಒಂದು ಒತ್ತಿ, ನಿಮ್ಮ ಕರೆ ನಮಗೆ ಬಹಳ ಮುಖ್ಯ, ಮುಕ್ಕಾಲು ಗಂಟೆ ಪಿಯಾನೊ, ಆಮೇಲೆ ಕಟ್. ಇಂಥ ಮಕ್ಕಳಿರುವ ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪೊಂದಿದೆ. ಅದರಲ್ಲಿ ಆ ತಿಂಗಳು ಹಬ್ಬದ ಶುಭಾಶಯ ಕೂಡ ಯಾರೂ ಹಾಕಲಿಲ್ಲ. ಯಾರ ಮಗನ ಗಂಟೆ ಕಡಿಮೆಯಾಯಿತು, ಯಾರ ಮಗಳ ಹೆಸರು ಹೊಸ ಪಟ್ಟಿಯಲ್ಲೇ ಇಲ್ಲ, ಬರೀ ಇದೇ.

ಷಿಕಾಗೋ ಕಡೆ, ಇಟಾಸ್ಕಾದಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ, ಧಾರವಾಡದವಳು. ಅವಳ ಮಗನಿಗೆ ಸ್ನಾಯುಗಳು ಸೊರಗುವ ಕಾಯಿಲೆ. ಅವಳು ಫೋನ್ ಮಾಡಿದಳು. “ಇಲ್ಲೂ ಹಿಂಗಽ ಅಳೀಲಿಕ್ಕೆ ಬಂದಿದ್ರು. ಕೇಳಿಲ್ಲೆ, ಅವರು ಬರೂ ದಿನಾ ಮನೀ ಹಸನ ಮಾಡಬ್ಯಾಡ. ಮಗಳಿಗೆ ಛಲೋ ಅರಿವಿ ಹಾಕಬ್ಯಾಡ. ಎಲ್ಲಾಕ್ಕಿಂತ ಕೆಟ್ಟ ದಿನಾ ಹೆಂಗಿರ್ತದ, ಅದನ್ನಷ್ಟಽ ಹೇಳು” ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವರ ಮುಂದೆ ಹರಕು ಬಟ್ಟೆ ಹಾಕಿಸಿ ಗೋಳು ತೋಡಿಕೊಳ್ಳಲು ನಾವೇನು ಭಿಕ್ಷೆಗೆ ಕೂತಿದ್ದೇವಾ? ಇವಳನ್ನು ಎತ್ತಿಕೊಂಡು ಮದುವೆ, ಮುಂಜಿ, ಕನ್ನಡ ಕೂಟ ಅಂತ ತಿರುಗಿದ ಇಪ್ಪತ್ತಾರು ವರ್ಷವೂ ನಾನು ಮಾಡಿದ್ದು ಒಂದೇ ಕೆಲಸ: ಅಯ್ಯೋ ಪಾಪ ಅನ್ನುವ ಬಾಯಿಗಳನ್ನು ಮುಚ್ಚಿಸಿದ್ದು. “ಪಾಪ, ಆಂಟಿ, ಇವಳಿಗೆ ಅರ್ಥ ಆಗತ್ತಾ?” ಅಂತ ಯಾರಾದರೂ ಕೇಳಿದರೆ ಅವಳ ಮಾರ್ಕ್ಸ್ ಕಾರ್ಡು ತೆಗೆದು ಮುಖಕ್ಕೆ ಹಿಡಿಯುತ್ತಿದ್ದೆ. ಈಗ ಯಾರೋ ಅಳೆಯುವವರ ಮುಂದೆ ನನ್ನ ಮಗಳಿಗೆ ಏನೂ ಬರಲ್ಲ ಅನ್ನಬೇಕಂತೆ. ಹಾಗೆಲ್ಲ ನಮ್ಮ ಕೈಲಾಗಲ್ಲ ಕಣೆ ಅಂತ ಫೋನಿಟ್ಟೆ.

ಅಳೆಯುವವರು ಬರುವ ದಿನ ಯಜಮಾನರು ಎರಡು ಸಲ ವ್ಯಾಕ್ಯೂಮ್ ಮಾಡಿದರು. ನಾನು ಉಪ್ಪಿಟ್ಟಿಗೆ ಗೋಡಂಬಿ ಹಾಕಿದೆ. ಡೆಟ್ರಾಯ್ಟ್‌ನಿಂದ ಬರುವ ಸಹಾಯಕಿ ಹಿಂದಿನ ಸಂಜೆಯೇ ಒಂದು ಮಾತು ಹೇಳಿದ್ದಳು, “ನಾಳೆ ನಾನು ಬೇಕಂತಲೇ ತಡವಾಗಿ ಬರ್ತೀನಿ. ಅವರು ಬಂದಾಗ ಇವಳು ಎದ್ದ ಹಾಗೇ ಹಾಸಿಗೇಲಿರ್ಲಿ. ಕಣ್ಣಾರೆ ನೋಡ್ಲಿ” ಅಂತ. ನಾನು ನಕ್ಕುಬಿಟ್ಟೆ. ಬೇಗ ಬಾ ಅಂದೆ. ಐದೂವರೆಗೆ ಕರೆಸಿ, ತಲೆಗೆ ನೀರು ಹಾಕಿಸಿ, ಹಸಿರು ಚೂಡಿದಾರ್ ಹಾಕಿಸಿ, ಜಡೆ ಹೆಣೆಸಿದೆ. “ಅಮ್ಮಾ, ಇಟ್ಸ್ ನಾಟ್ ದೀಪಾವಳಿ” ಅಂದಳು ಮಗಳು. ಸಹಾಯಕಿ ಬಾಚಣಿಗೆ ಒರೆಸಿಡುತ್ತಾ ನನ್ನ ಮುಖ ನೋಡಿದಳು. ಅವಳ ಮೂರೂವರೆ ಗಂಟೆಯ ಮೈಮುರಿಯುವ ದುಡಿಮೆಯನ್ನೆಲ್ಲ ನಾನು ಅಲಂಕಾರದ ಕೆಳಗೆ ಮುಚ್ಚಿಟ್ಟಿದ್ದೆ.

ಬಂದವಳು ಚಿಕ್ಕ ವಯಸ್ಸಿನ ಹುಡುಗಿ. ಒಳ್ಳೆಯವಳೇ, ಸುಳ್ಳು ಯಾಕೆ ಹೇಳಲಿ. ನಾವು ಹೇಳುವ ಮುಂಚೆಯೇ ಶೂ ಬಿಚ್ಚಿದಳು. ಉಪ್ಪಿಟ್ಟನ್ನು ಚಪ್ಪರಿಸಿಕೊಂಡು ತಿಂದಳು. ಆಮೇಲೆ ಟ್ಯಾಬ್ಲೆಟ್ ತೆಗೆದು ಪ್ರಶ್ನೆ ಶುರು ಮಾಡಿದಳು. ತಾನೇ ತಾನಾಗಿ ತಿನ್ನಬಲ್ಲಳಾ? ಮಗಳು ಇಲ್ಲ ಅಂದಳು. ನಾನು ಸುಮ್ಮನಿರಬೇಕೋ ಬೇಡವೋ? “ಹಾಗೇನಿಲ್ಲ, ಚಿಕ್ಕ ಚಿಕ್ಕ ತುಂಡು ಮಾಡಿಕೊಟ್ರೆ ಸ್ಪೂನ್ ಹಿಡಿದು ಎಷ್ಟು ಚೆನ್ನಾಗಿ ತಿಂತಾಳೆ ಗೊತ್ತಾ? ಪುಟ್ಟಿ, ತೋರಿಸು” ಅಂದೆ. ಮಗಳು ನನ್ನನ್ನು ದುರುಗುಟ್ಟಿ ನೋಡಿದಳು. ಆದರೂ ನನ್ನ ಮರ್ಯಾದೆ ಉಳಿಸಲು ಸ್ಪೂನ್ ಎತ್ತಿದಳು. ಆ ಹಾಳು ಕೈ, ದಿನಾ ನಡುಗುವ ಕೈ, ಅವತ್ತು ಒಂದು ಸಲ ನೇರವಾಗಿ ಬಾಯಿಗೆ ಹೋಯಿತು. ಆ ಹುಡುಗಿ “ಆಸಮ್!” ಅಂತ ಚಪ್ಪಾಳೆ ತಟ್ಟಿ ಏನೋ ಒತ್ತಿದಳು. ನನಗೆ ಹೆಮ್ಮೆ ಬೇರೆ.

ಆಮೇಲೆ ಕೇಳಿದಳು, ಬೆಳಿಗ್ಗೆ ಸಹಾಯಕಿ ಇಲ್ಲದಿದ್ದರೆ ನಿನ್ನನ್ನು ಎಬ್ಬಿಸುವವರು ಯಾರು ಅಂತ. ಕೇಳಿದ್ದು ಮಗಳನ್ನು. ಮಗಳು ಬಾಯಿ ತೆರೆದಳು. ಅವಳ ಮಾತು ಕತ್ತಿನಿಂದ ಮೇಲಕ್ಕೆ ಬರುವುದು ನನಗೆ ಕಾಣುತ್ತಿತ್ತು. ಅದು ಬರುವುದರೊಳಗೆ ನಾನು ಅಂದುಬಿಟ್ಟೆ, “ಅಯ್ಯೋ, ನಾವಿದ್ದೀವಲ್ಲ!” ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ, ನಾವು ಅಪ್ಪ ಅಮ್ಮ ಅಲ್ವಾ, ನಮಗೇನೂ ತೊಂದರೆ ಇಲ್ಲ, ಸಂತೋಷವಾಗಿ ಮಾಡ್ತೀವಿ. ಯಜಮಾನರು ಸೋಫಾದಿಂದ “ಆಲ್ವೇಸ್” ಅಂತ ಸೇರಿಸಿದರು.

ನಮ್ಮ ಕಡೆ ಇದನ್ನು ಯಾರು ಅನ್ನುವುದಿಲ್ಲ ಹೇಳಿ? ಯಾರದೋ ಮನೆಯಲ್ಲಿ ಬಾಣಂತನ, ಯಾರದೋ ಆಪರೇಷನ್, ಯಾರದೋ ಸಾವು, ಹೋದ ತಕ್ಷಣ ಕೈ ಹಿಡಿದು ನಾವಿದ್ದೀವಲ್ಲ ಅನ್ನುತ್ತೇವೆ. ಮಾಡಲು ಆಗುತ್ತದೋ ಇಲ್ಲವೋ ಯೋಚಿಸಿ ಅನ್ನುವ ಮಾತೇ ಅಲ್ಲ ಅದು. ಕೇಳಿಸಿಕೊಂಡವರೂ ಅದನ್ನು ಬರೆದಿಟ್ಟುಕೊಳ್ಳುವುದಿಲ್ಲ. ಈ ಹುಡುಗಿ ಬರೆದುಕೊಂಡಳು. ಅವಳು ಹೋಗಿ ಬಾಗಿಲು ಹಾಕಿದ ಮೇಲೆ ಮಗಳ ಆ ಮಾತು ಕೊನೆಗೂ ಹೊರಗೆ ಬಂತು. ಇಂಗ್ಲಿಷಿನಲ್ಲಿ, “ನನ್ನ ಬೆಳಗುಗಳನ್ನು ನೀನು ದಾನ ಕೊಟ್ಟುಬಿಟ್ಟೆ” ಅಂದಳು. “ಹೋಗೇ, ಏನೇನೋ ಮಾತಾಡಬೇಡ” ಅಂತ ನಾನು ತಟ್ಟೆ ತೊಳೆಯಲು ಹೋದೆ.

ಮೂರು ವಾರಕ್ಕೆ ಉತ್ತರ ಬಂತು. ಬೆಳಗಿನ ಮೂರು ಗಂಟೆ ಬರೀ ಮುಕ್ಕಾಲು ಗಂಟೆಗೆ ಇಳಿದಿತ್ತು. ಸಂಜೆಯದು ಪೂರ್ತಿ ಹೋಗಿತ್ತು. ಕಾರಣ: ತಾನೇ ಊಟ ಮಾಡಬಲ್ಲಳು, ಮನೆಯವರ ಸ್ವಾಭಾವಿಕ ನೆರವು ಲಭ್ಯವಿದೆ, ತಂದೆತಾಯಿ ಸಂತೋಷದಿಂದ ಮಾಡಲು ಸಿದ್ಧರಿದ್ದಾರೆ. ಸಂತೋಷದಿಂದ! ಆ ಪದವನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಗಿತ್ತಿ. ಡೈನಿಂಗ್ ಟೇಬಲ್ಲಿನ ಮುಂದೆ ಕುಸಿದು ಕೂತೆ. ಯಾರನ್ನು ಬೈಯಲಿ? ಸರ್ಕಾರವನ್ನು ಬೈದೆ, ಆ ಟ್ಯಾಬ್ಲೆಟ್ಟನ್ನು ಬೈದೆ, ಆಲ್ವೇಸ್ ಅಂದದ್ದಕ್ಕೆ ಗಂಡನನ್ನು ಬೈದೆ. ಕೊನೆಗೆ ನನ್ನ ಬಾಯಿಗಿಷ್ಟು ಮಣ್ಣು ಹಾಕ ಅಂತ ನನ್ನನ್ನೇ ಬೈದುಕೊಂಡು ಅತ್ತೆ. ಮಗಳು ಅಳಲಿಲ್ಲ. ಗಾಲಿಕುರ್ಚಿಯನ್ನು ತಿರುಗಿಸಿಕೊಂಡು ತನ್ನ ರೂಮಿಗೆ ಹೋಗಿ, ಉಚಿತವಾಗಿ ಕಾನೂನು ಸಲಹೆ ಕೊಡುವ ಆಫೀಸೊಂದಕ್ಕೆ ಈಮೇಲ್ ಬರೆದಳು. ಮೂಗಿನಿಂದ, ಗೆಣ್ಣಿನಿಂದ ಒಂದೊಂದೇ ಅಕ್ಷರ ಒತ್ತಿ.

ಆ ಆಫೀಸಿನ ವಕೀಲೆ ವೀಡಿಯೊದಲ್ಲಿ ಸಿಕ್ಕಳು. ಅಪೀಲ್ ಹಾಕೋಣ ಅಂದಳು. ಮನೆಯವರು ಒಪ್ಪಿ ಮಾಡುವ ನೆರವನ್ನು ಮಾತ್ರ ಅವರು ಲೆಕ್ಕಕ್ಕೆ ಹಿಡಿಯಬಹುದು, ಬಲವಂತ ಮಾಡುವ ಹಾಗಿಲ್ಲ, ಅದೇ ನಮ್ಮ ದಾರಿ ಅಂದಳು. ನಾನು, ನನಗೆ ಭುಜದ ಆಪರೇಷನ್ ಆಗಿದೆ, ಇವರಿಗೆ ಸ್ಟೆಂಟಿದೆ, ನಮ್ಮ ಕೈಲಿ ಆಗಲ್ಲ ಅಂತ ಹೇಳ್ತೀನಿ ಅಂದೆ. ಅವಳು ತಲೆ ಅಲ್ಲಾಡಿಸಿದಳು. ಆಗಲ್ಲ ಅಂದರೆ ಡಾಕ್ಟರ ಕಾಗದ ಕೇಳುತ್ತಾರೆ, ಅವರ ಡಾಕ್ಟರ ಹತ್ತಿರ ಕಳಿಸುತ್ತಾರೆ, ತಿಂಗಳುಗಟ್ಟಲೆ ಎಳೆಯುತ್ತದೆ, ಅಷ್ಟರಲ್ಲಿ ಅಪಾರ್ಟ್‌ಮೆಂಟ್ ಕೈಬಿಡುತ್ತದೆ. ನೀವು ಹೇಳಬೇಕಾದದ್ದು ಒಂದೇ, “ನನಗೆ ಇಷ್ಟವಿಲ್ಲ.” ಆಗಲ್ಲ ಅಲ್ಲ, ಇಷ್ಟವಿಲ್ಲ. ಅದರ ಮೇಲೆ ಅವರು ಪ್ರಶ್ನೆ ಕೇಳುವಂತಿಲ್ಲ.

ನನ್ನ ಮಗಳನ್ನು ನೋಡಿಕೊಳ್ಳಲು ನನಗೆ ಇಷ್ಟವಿಲ್ಲ. ಹೆತ್ತವಳ ಬಾಯಲ್ಲಿ ಬರುವ ಮಾತಾ ಇದು? ನನ್ನಮ್ಮ ಮೈಸೂರಿನಿಂದ ಬಂದು ಇವಳ ಬಾಲ್ಯದಲ್ಲಿ ಆರು ತಿಂಗಳಿದ್ದಳು. ಅವಳೇನಾದರೂ ಬದುಕಿದ್ದು ಈ ಮಾತು ಕೇಳಿದ್ದರೆ ನನ್ನ ಕೆನ್ನೆಗೆ ಬಾರಿಸುತ್ತಿದ್ದಳು.

ಮಗಳೇ ನನಗೆ ಪಾಠ ಹೇಳಿದಳು. ದಿನಾ ಸಂಜೆ ಆಫೀಸಿನಿಂದ ಬಂದ ಮೇಲೆ ಅವಳು ಜಡ್ಜು, ನಾನು ಸಾಕ್ಷಿ. “ಮೇಡಂ, ಆರ್ ಯೂ ವಿಲ್ಲಿಂಗ್?” ಅಂತ ಅವಳು ಗಂಭೀರವಾಗಿ ಕೇಳುವುದು, “ನೋ, ಐ ಆಮ್ ನಾಟ್ ವಿಲ್ಲಿಂಗ್, ಬಟ್” ಅಂತ ನಾನು ಶುರು ಮಾಡುವುದು. “ನೋ ಬಟ್, ಅಮ್ಮಾ!” ಮತ್ತೆ ಮೊದಲಿಂದ. ಬಟ್ ಅವಳು ನನ್ನ ಪ್ರಾಣ, ಬಟ್ ನನ್ನ ಭುಜ, ಬಟ್ ಬೇರೆ ದಾರಿ ಇಲ್ಲ. ನಾಲಿಗೆಗೆ ಆ ಬಟ್ ಅಂಟಿಕೊಂಡುಬಿಟ್ಟಿತ್ತು. ಒಂದು ದಿನ ಇಬ್ಬರಿಗೂ ನಗು ಬಂದು, ನಕ್ಕೂ ನಕ್ಕೂ ಅವಳಿಗೆ ಕೆಮ್ಮು ಹತ್ತಿ, ನಾನು ಬೆನ್ನು ತಟ್ಟಬೇಕಾಯಿತು. ತಟ್ಟುವಾಗ ಅವಳು ಕೇಳಿದಳು, “ಇದನ್ನೂ ಇಷ್ಟವಿಲ್ಲದೆ ಮಾಡ್ತಿದೀಯಾ?” ನಾನು ಎದ್ದು ಒಳಗೆ ಹೋದೆ.

ವಿಚಾರಣೆ ಫೋನಿನಲ್ಲಿ. ಡೈನಿಂಗ್ ಟೇಬಲ್ಲಿನ ಮೇಲೆ, ಉಪ್ಪಿಟ್ಟು ಬಡಿಸಿದ್ದ ಅದೇ ಟೇಬಲ್ಲಿನ ಮೇಲೆ, ಸ್ಪೀಕರ್ ಹಾಕಿಟ್ಟಿದ್ದೆವು. ಜಡ್ಜರದು ಸಂಭಾವಿತ ದನಿ. ಸತ್ಯವನ್ನೇ ಹೇಳುತ್ತೇನೆ ಅಂತ ನನ್ನಿಂದ ಪ್ರಮಾಣ ಮಾಡಿಸಿ ಆಮೇಲೆ ಕೇಳಿದರು. ನಾನು ಮಗಳ ಮುಖ ನೋಡಲಿಲ್ಲ, ಕಾರ್ಪೆಟ್ ನೋಡಿಕೊಂಡು ಹೇಳಿದೆ, “ನೋ. ಐ ಆಮ್ ನಾಟ್ ವಿಲ್ಲಿಂಗ್.” ಫೋನಿನ ಆ ಕಡೆಯಿಂದ ಜಡ್ಜು ಮತ್ತೆ ಕೇಳಿದರು. ದಾಖಲೆಗಾಗಿ ಇನ್ನೊಮ್ಮೆ ಕೇಳುತ್ತೇನೆ ಮೇಡಂ, ನಿಮ್ಮ ಮಗಳ ಆರೈಕೆ ಮಾಡಲು ನಿಮಗೆ ಇಷ್ಟವಿಲ್ಲ ಅಂತ ಹೇಳುತ್ತಿದ್ದೀರಾ? “ಯೆಸ್,” ಅಂದೆ. ಪ್ರಮಾಣ ಮಾಡಿ ಹೇಳಿದ ಸುಳ್ಳು ಅದು. ಯಜಮಾನರೂ ಅದನ್ನೇ ಹೇಳಿದರು, ಹೇಳಿ ಗರಾಜಿಗೆ ಹೋಗಿ ಕಾರಿನೊಳಗೆ ಕೂತರು. ಮಗಳು ಮಾತ್ರ ಹೆಬ್ಬೆರಳೆತ್ತಲು ಒದ್ದಾಡಿ ಒದ್ದಾಡಿ, ಕೊನೆಗೆ ಎತ್ತಿ ತೋರಿಸಿದಳು.

ಗೆದ್ದೆವು. ಐದು ಗಂಟೆಯೂ ವಾಪಸ್ ಬಂತು, ಆರು ತಿಂಗಳಿಗೆ ಮತ್ತೆ ಪರಿಶೀಲನೆ ಅನ್ನುವ ಷರತ್ತಿನ ಮೇಲೆ. ತೀರ್ಪಿನ ಎರಡನೇ ಪುಟದಲ್ಲಿ ಒಂದು ಸಾಲು ಇದೆ: ‘ಮಗಳ ಆರೈಕೆ ಮಾಡಲು ತಾಯಿಗೆ ಇಚ್ಛೆಯಿಲ್ಲ.’ ಅಪಾರ್ಟ್‌ಮೆಂಟಿನವರಿಗೆ ಆ ಪುಟವನ್ನೂ ಕಳಿಸಬೇಕಾಯಿತು. ಅಂದರೆ ಅಲ್ಲಿಯ ಮ್ಯಾನೇಜರಿಗೂ ಗೊತ್ತು ನಾನು ಎಂಥ ತಾಯಿ ಅಂತ. ಬೀಗದ ಕೈ ತೆಗೆದುಕೊಳ್ಳಲು ಹೋದಾಗ ಆಕೆ ಮಗಳ ಜೊತೆ ಮಾತ್ರ ಮಾತಾಡಿದಳು.

ಹೊಸ ವ್ಯವಸ್ಥೆಗೆ ಒಂದು ಆ್ಯಪ್ ಇದೆ. ಸಹಾಯಕಿ ಬಂದಾಗ ಒತ್ತಬೇಕು, ಹೋಗುವಾಗ ಒತ್ತಬೇಕು. ಹೋಗುವ ಮುಂಚೆ ಅದು ದಿನಾ ಒಂದು ಪ್ರಶ್ನೆ ಕೇಳುತ್ತದೆ: ಇವತ್ತು ಮನೆಯವರು ಯಾರಾದರೂ ನೆರವಾದರೇ? ಹೌದು ಅಥವಾ ಇಲ್ಲ. ಹೌದುಗಳನ್ನೆಲ್ಲ ಸೇರಿಸಿಟ್ಟುಕೊಂಡು ಪರಿಶೀಲನೆಯ ದಿನ ಮುಂದಿಡುತ್ತಾರೆ ಅಂತ ವಕೀಲೆ ಎಚ್ಚರಿಸಿದ್ದಳು. ಹಾಗಾಗಿ ಮಗಳು ನನಗೆ ನಿಯಮ ಹಾಕಿದಳು. ಭಾನುವಾರ ತಾನೇ ಗಾಲಿಕುರ್ಚಿ ಹತ್ತಿಸುವ ಬಾಡಿಗೆ ವ್ಯಾನಿನಲ್ಲಿ ನಮ್ಮ ಮನೆಗೆ ಬರುತ್ತಾಳೆ. ನಾನು ಅಲ್ಲಿಗೆ ಹೋದರೆ ನೆಂಟರ ಹಾಗೆ ಕೂತು ಬರಬೇಕು. ಅವಳ ಬಾಯಿ ಒರೆಸುವ ಹಾಗಿಲ್ಲ. ಜಾರಿದ ಶಾಲು ಎತ್ತಿ ಹೊದಿಸುವ ಹಾಗಿಲ್ಲ. ಹೋದಾಗೆಲ್ಲ ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ.

ಜನವರಿಯ ಒಂದು ಬೆಳಿಗ್ಗೆ, ಆರು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ, ನಮ್ಮ ಇಡೀ ಬಡಾವಣೆ ಹಿಮದಲ್ಲಿ ಹೂತಿತ್ತು. ಏಳು ಗಂಟೆಗೆ ಮಗಳ ಮೆಸೇಜ್ ಬಂತು. ಸಹಾಯಕಿಯ ಕಾರು ಹೈವೇಯಲ್ಲಿ ಸಿಕ್ಕಿಕೊಂಡಿದೆ, ತಡವಾಗುತ್ತದೆ, ನಾನು ಆರಾಮಾಗಿದೀನಿ. ಆರಾಮಂತೆ! ಹಿಂದಿನ ರಾತ್ರಿ ಒಂಬತ್ತಕ್ಕೆ ಮಲಗಿಸಿದ ಹಾಗೇ, ಒಂದೇ ಮಗ್ಗುಲಲ್ಲಿ ಬಿದ್ದಿರುವವಳು ಆರಾಮಾ? ಯಜಮಾನರಿಗೂ ಹೇಳದೆ ಕೋಟು ಹಾಕಿಕೊಂಡು ಹೊರಟೆ. ಹದಿನೈದು ಮೈಲಿ, ಮುಕ್ಕಾಲು ಗಂಟೆ. ಅವಳ ಕಿಟಕಿಯ ಎದುರಿಗೇ ಕಾರು ನಿಲ್ಲಿಸಿ ಫೋನ್ ಮಾಡಿದೆ.

“ಎಲ್ಲಿದೀಯಾ?” ಅಂದಳು.

“ಮನೇಲಿ.”

“ಅಮ್ಮಾ. ಕಾರಿನ ಶಬ್ದ ಕೇಳಿಸ್ತಿದೆ. ನನ್ನ ಪಾರ್ಕಿಂಗ್ ಲಾಟಲ್ಲಿದೀಯಾ ನೀನು.”

“ಐದೇ ನಿಮಿಷ ಕಣೇ ಪುಟ್ಟಿ. ಒಂದು ಸಲ ಮಗ್ಗುಲು ತಿರುಗಿಸಿ ಹೋಗಿಬಿಡ್ತೀನಿ. ಬಾಗಿಲಿನ ಕೋಡ್ ನನಗೆ ಗೊತ್ತು. ಯಾರಿಗೂ ತಿಳಿಯಲ್ಲ.”

ಅವಳು ಉತ್ತರ ಹೇಳಲು ಶುರು ಮಾಡಿದಳು. ಉಸಿರು ಕೇಳುತ್ತಿತ್ತು, ಪದ ಬರುತ್ತಿರಲಿಲ್ಲ. ಈ ಸಲ ನಾನು ಬಾಯಿ ಹಾಕಲಿಲ್ಲ. ವೈಪರ್ ಎರಡು ಮೂರು ಸಲ ಆ ಕಡೆಯಿಂದ ಈ ಕಡೆಗೆ ಹೋಯಿತು. ಆಮೇಲೆ ಇಂಗ್ಲಿಷಿನಲ್ಲಿ ಅಂದಳು, “ಸಹಾಯಕಿ ಬಂದ ತಕ್ಷಣ ಮಗ್ಗುಲು ತಿರುಗಿಸಿದ್ದು ಯಾರು ಅಂತ ನನ್ನನ್ನ ಕೇಳ್ತಾಳೆ. ಅವಳು ಸುಳ್ಳು ಒತ್ತಲ್ಲ, ಒತ್ತು ಅಂತ ನಾನೂ ಹೇಳಲ್ಲ, ಅವಳ ಕೆಲಸ ಹೋಗತ್ತೆ. ಬರೋ ತಿಂಗಳು ಪರಿಶೀಲನೆ.” ಆಮೇಲೆ ಕನ್ನಡದಲ್ಲಿ, “ಮನೆಗೆ ಹೋಗು, ಅಮ್ಮ.”

“ಹಾಸಿಗೆ ಒದ್ದೆ ಆಗಿದೆಯಾ?” ಅಂದೆ.

ನಾನು ಕಾದೆ. ಅವಳು ಫೋನ್ ಇಟ್ಟಳು.

ಬೀಳುತ್ತಿದ್ದ ಹಿಮದಲ್ಲಿ ಹದಿನೈದು ಹೆಜ್ಜೆ ಆಚೆ ಅವಳ ಕಿಟಕಿ. ಬ್ಲೈಂಡ್ಸ್ ಮುಚ್ಚಿತ್ತು. ಅದರ ಹಿಂದೆ ನನ್ನ ಮಗಳು ತನ್ನ ಒದ್ದೆಯಲ್ಲೇ ಮಲಗಿದ್ದಾಳೆ ಅಂತ ಗೊತ್ತಿದ್ದೂ ಕಾರಿನಲ್ಲಿ ಹೀಟರ್ ಹಾಕಿಕೊಂಡು ಒಂದೂವರೆ ಗಂಟೆ ಕೂತಿದ್ದೆ. ಎರಡು ಸಲ ಬಾಗಿಲು ತೆರೆದು ಕಾಲು ಹೊರಗಿಟ್ಟೆ, ಎರಡು ಸಲವೂ ಒಳಗೆಳೆದುಕೊಂಡೆ. ಅವಳಿಗೆ ಅಂತ ತಂದಿದ್ದ ಫ್ಲಾಸ್ಕಿನ ಕಾಫಿ ಹಾಗೇ ಇತ್ತು.

ಒಂಬತ್ತೂ ಇಪ್ಪತ್ತಕ್ಕೆ ಸಹಾಯಕಿಯ ಕಾರು ಬಂತು. ಪಾಪ, ಅವಳು ಮಂಜುಗಡ್ಡೆಯ ಮೇಲೆ ಜಾರುತ್ತಾ ಓಡಿಬಂದಳು. ಅವಳ ಕಣ್ಣಿಗೆ ಬೀಳಬಾರದಲ್ಲ, ನಾನು ಕಳ್ಳಿಯ ಹಾಗೆ ಸೀಟಿನಲ್ಲಿ ಕುಸಿದು ಸ್ಟಿಯರಿಂಗಿನ ಕೆಳಗೆ ತಲೆ ಬಗ್ಗಿಸಿದೆ. ಆಪರೇಷನ್ ಆದ ಭುಜ ಚುಚ್ಚಿತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಶಬ್ದ ಕೇಳುವವರೆಗೂ ಹಾಗೇ ಇದ್ದೆ. ಇನ್ನು ಮೂರು ಗಂಟೆ ಕಳೆದ ಮೇಲೆ ಆ ಆ್ಯಪ್ ಅವಳನ್ನು ಕೇಳುತ್ತದೆ, ಇವತ್ತು ಮನೆಯವರು ಯಾರಾದರೂ ನೆರವಾದರೇ ಅಂತ. ಇಲ್ಲ ಅಂತ ಒತ್ತುತ್ತಾಳೆ, ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.